ಗುಳೇದಗುಡ್ಡದ ಖಣದ ಅಂಗಡಿ

ಪರಊರಿನಲ್ಲಿ ಮನೆ ಮಾಡಿದ ನಾವು ತವರುನಾಡಿನಿಂದ ಏನು ತಂದೆವು, ಏನು ಬಿಟ್ಟೆವು ಎಂದು ಲೆಕ್ಕ ಹಾಕಲು ಕುಳಿತರೆ ಬಿಟ್ಟದ್ದೇ ಹೆಚ್ಚಾದೀತು. ಆದರೆ ಬಿಡದೆ ತಂದ ವಸ್ತುಗಳಲ್ಲಿ ಒಂದು ಮಾತ್ರ ಅಂಗೈಯಗಲದ ಮಡಿಕೆಯಾಗಿ ನಮ್ಮ ಪ್ರತಿಯೊಂದು ಮನೆಯ ಕಪಾಟಿನಲ್ಲಿಯೂ ಇದ್ದೇ ಇದೆ. ಅದು ಖಣ. ಧಾರವಾಡ-ಬಾಗಲಕೋಟೆಯ ಕಡೆಯವರು ಅದನ್ನು ಕುಬಸದ ಖಣ ಎನ್ನುತ್ತಾರೆ. ಮೈಸೂರು ಕಡೆಯವರು ರವಿಕೆ ಕಣ ಎನ್ನುತ್ತಾರೆ. ಮನೆಗೆ ಬಂದ ಮುತ್ತೈದೆಯ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಕೊಂಬುಗಳ ಜೊತೆಗೆ ಖಣವಿರಬೇಕು. ಗೌರಿಹಬ್ಬದ ಬಾಗಿನದ ಮೊರದಲ್ಲಿ ಅದಿರಬೇಕು. ಚೊಚ್ಚಲ ಬಸುರಿಗೆ ಮಾಡುವ ಮಂಗಲಕಾರ್ಯಕ್ಕೆ ಉತ್ತರ ಕರ್ನಾಟಕದಲ್ಲಿ ಹೆಸರೇ 'ಕುಬಸ'. ನಮ್ಮ ನೆರೆಯ ಮರಾಠಿ ಗೃಹಿಣಿಯರೂ ದೇವಿಯ ಓಟಿ ತುಂಬುವುದು ಖಣ-ನಾರಳದಿಂದಲೇ. ಭಾಷೆ ಬೇರೆಯಾದರೂ ಉಡಿಗೆ ಬೀಳುವ ಬಟ್ಟೆ ಒಂದೇ.

ಈ ಖಣಕ್ಕೂ ಒಂದು ತವರುಮನೆಯಿದೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡವೇ ಆ ಊರು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಎಂದು ಎರಡನ್ನೂ ಜೋಡಿಸಿ ಹೇಳುವುದು ಹಿರಿಯರ ರೂಢಿ. ಸೀರೆ ಒಂದು ಊರಿನಲ್ಲಿ, ಅದಕ್ಕೆ ಒಪ್ಪುವ ಕುಬಸ ಇನ್ನೊಂದು ಊರಿನಲ್ಲಿ ಹುಟ್ಟಿ, ಸಂತೆಯಲ್ಲಿ ಕೂಡಿಕೊಳ್ಳುತ್ತಿದ್ದ ಜೋಡಿ ಅದು. ಇಂದು ಎರಡಕ್ಕೂ ಸರಕಾರದ ಭೌಗೋಳಿಕ ಗುರುತಿನ ನೋಂದಣಿ ಇದೆ. ಆದರೆ ನೋಂದಣಿಯ ಕಾಗದ ಮಗ್ಗಕ್ಕೆ ನೂಲು ತಂದುಕೊಡುವುದಿಲ್ಲ. ನೂಲು ತಂದುಕೊಡುವವನು ಅಂಗಡಿಕಾರ. ಅಂಥ ಒಂದು ಅಂಗಡಿಯ ಮಾತನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ನಮ್ಮ ಊರಿನ ಪೇಟೆಯನ್ನೇ ನೋಡೋಣ. ಪುಣೆಯ ತುಳಶಿಬಾಗಿನಲ್ಲಿಯಾಗಲಿ ಮುಂಬಯಿಯ ದಾದರಿನಲ್ಲಿಯಾಗಲಿ ಈಚಿನ ವರ್ಷಗಳಲ್ಲಿ ಎತ್ತ ನೋಡಿದರೂ ಖಣ. ಖಣದ ಸೀರೆ, ಖಣದ ಕೈಚೀಲ, ಖಣದ ತೋರಣ, ದೀಪಾವಳಿಗೆ ಖಣದ ಆಕಾಶಬುಟ್ಟಿ, ಚಿಕ್ಕ ಹುಡುಗಿಯರಿಗೆ ಖಣದ ಪರಕರ. ಖಣದ ಹೆಸರು ಹೀಗೆ ಎಲ್ಲರ ಬಾಯಲ್ಲಿರುವಾಗ ಗುಳೇದಗುಡ್ಡದ ನೇಕಾರರು ಹೊನ್ನಿನ ಲಾಳಿ ಹಿಡಿದಿರಬೇಕೆಂದು ಯಾರಿಗಾದರೂ ತೋಚೀತು. ನಡೆದಿರುವುದು ಅದಕ್ಕೆ ವಿರುದ್ಧ. ಪೇಟೆಯಲ್ಲಿ ರಾಶಿ ಬಿದ್ದಿರುವ ಖಣದಲ್ಲಿ ಬಹುಪಾಲು ವಿದ್ಯುತ್ ಮಗ್ಗದಲ್ಲಿ ಪಾಲಿಯೆಸ್ಟರ್ ನೂಲಿನಿಂದ ತೆಗೆದದ್ದು. ಹೆಸರು ಗುಳೇದಗುಡ್ಡದ್ದು, ಗಳಿಕೆ ಬೇರೆಯವರದು.

ಕಳೆದ ಬನದ ಹುಣ್ಣಿಮೆಗೆ ನಮ್ಮ ಸಂಘದ ಕೆಲವು ಕುಟುಂಬಗಳು ಕೂಡಿ ಬನಶಂಕರಿಯ ಜಾತ್ರೆಗೆ ಹೊರಟೆವು. ಮುಂಬಯಿಯಿಂದ ಪುಣೆ, ಸೊಲ್ಲಾಪುರದ ಮೇಲೆ ಗದಗಿನತ್ತ ಸಾಗುವ ರಾತ್ರಿಯ ಗಾಡಿ ನಮ್ಮವರಿಗೆಲ್ಲ ಪರಿಚಯದ್ದು. ಅದು ಭೀಮಾ ನದಿಯನ್ನು ದಾಟಿತೆಂದರೆ ಡಬ್ಬಿಯೊಳಗಿನ ಮಾತಿನ ಧಾಟಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಮರಾಠಿಯಲ್ಲಿ ಚಹಾ ಕೇಳುತ್ತಿದ್ದವರು 'ಏ ತಮ್ಮಾ, ಚಾ ಕೊಡು' ಎನ್ನತೊಡಗುತ್ತಾರೆ. ವಿಜಯಪುರದ ಗೋಳಗುಮ್ಮಟ ದೂರದಿಂದ ಮುಖ ತೋರಿಸುತ್ತದೆ. ಮುಂದೆ ಆಲಮಟ್ಟಿಯ ಬಳಿ ಕೃಷ್ಣೆ, ಆಮೇಲೆ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿತು. ಅಲ್ಲಿಯ ಜನರಿಗಾಗಿ ನವನಗರ ಎದ್ದಿತು. ಮನೆಯನ್ನು ಬೇರೆ ಕಡೆಗೆ ಕಟ್ಟಿಕೊಡಬಹುದು. ನೂರು ವರ್ಷದ ಪೇಟೆಯ ರೂಢಿಯನ್ನು ಕಟ್ಟಿಕೊಡುವುದು ಕಷ್ಟ ಎಂದು ನಮ್ಮೊಡನಿದ್ದ ಹಿರಿಯರು ಅಂದುಕೊಂಡರು.

ಬಾಗಲಕೋಟೆಗೂ ಬಾದಾಮಿಗೂ ನಡುವೆ 'ಗುಳೇದಗುಡ್ಡ ರೋಡ್' ಎಂಬ ಸಣ್ಣ ನಿಲ್ದಾಣವಿದೆ. ಊರು ಅಲ್ಲಿಂದ ಒಳಗೆ. ನಾವು ಬಾದಾಮಿಯಲ್ಲಿ ಇಳಿದೆವು. ಚೊಳಚಗುಡ್ಡದ ಬನಶಂಕರಿಗೆ ಹೋಗಿ ದೇವಿಯ ದರ್ಶನ ಮಾಡಿದೆವು. ಗುಡಿಯ ಬಳಿ ತಾಯಂದಿರು ಬುಟ್ಟಿಯಲ್ಲಿ ಹೊತ್ತು ತಂದ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಡಿಗೆಯ ಮೊಸರು ಉಂಡೆವು. ನಾಟಕ ಕಂಪನಿಗಳ ಡೇರೆಗಳ ಮುಂದೆ ಹಾದೆವು. ಬನಶಂಕರಿ ದೇವಾಂಗ ನೇಕಾರರ ಕುಲದೇವತೆ. ಬಟ್ಟೆ ನೇಯುವವರ ತಾಯಿಯ ದರ್ಶನವಾದ ಮೇಲೆ ಬಟ್ಟೆ ನೇಯುವ ಊರನ್ನೂ ನೋಡಿಯೇ ಹೋಗೋಣವೆಂದು ಮರುದಿನ ಗುಳೇದಗುಡ್ಡದ ಬಸ್ಸು ಹಿಡಿದೆವು.

ದಾರಿಯುದ್ದಕ್ಕೂ ಕೆಂಪು ಮರಳುಗಲ್ಲಿನ ಗುಡ್ಡಗಳು. ಚಾಲುಕ್ಯರ ಶಿಲ್ಪಿಗಳು ಬಾದಾಮಿಯ ಗುಹೆಗಳನ್ನು ಕೊರೆದದ್ದು ಇದೇ ಜಾತಿಯ ಕಲ್ಲಿನಲ್ಲಿ. ಗುಡ್ಡದ ಅಡಿಯ ಹೊಲಗಳಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಗುಡ್ಡದ ಮೇಲೆ ಹಳೆಯ ಕೋಟೆ, ಕೆಳಗೆ ಒತ್ತೊತ್ತಾಗಿ ಮಾಳಿಗೆಯ ಮನೆಗಳು. ನಮ್ಮ ಕಡೆ ಬರಗಾಲ ಬಿದ್ದಾಗ ಊರು ಬಿಟ್ಟು ದುಡಿಯಲು ಹೋಗುವುದಕ್ಕೆ 'ಗುಳೆ ಹೋಗುವುದು' ಎನ್ನುತ್ತಾರೆ. ಗುಳೇದಗುಡ್ಡ ಎಂಬ ಹೆಸರು ಕಿವಿಗೆ ಬಿದ್ದಾಗಲೆಲ್ಲ ಪರಊರಿನಲ್ಲಿ ಬಾಳುವ ನಮಗೆ ಆ ಮಾತು ನೆನಪಾಗದೆ ಇರದು. ನಾವೂ ಒಂದು ಬಗೆಯಲ್ಲಿ ಗುಳೆ ಹೋದವರೇ ಅಲ್ಲವೆ? ಹೋಗಿ ನೆಲೆ ಕಂಡೆವು, ಅಷ್ಟೇ.

ಊರೊಳಗೆ ಕಾಲಿಟ್ಟಾಗ ನಮ್ಮ ಮನಸ್ಸಿನಲ್ಲಿದ್ದ ಚಿತ್ರವೆಂದರೆ ಓಣಿ ಓಣಿಗಳಿಂದ ಕೇಳಿಬರುವ ಮಗ್ಗದ ಸದ್ದು. ಸದ್ದು ಕೇಳಿಸಿತು, ನಿಜ. ಆದರೆ ಒಂದು ಮನೆಯಿಂದ ಕೇಳಿಸಿದರೆ ಮುಂದಿನ ನಾಲ್ಕಾರು ಮನೆಗಳು ಸುಮ್ಮನಿದ್ದವು. ಪೇಟೆಯಲ್ಲಿ ದಾರಿ ಕೇಳುತ್ತ ಹೋದಾಗ ಒಬ್ಬರು ತೋರಿಸಿದ ಅಂಗಡಿಯ ಮೆಟ್ಟಿಲು ಹತ್ತಿದೆವು. ಅಂಗಡಿಕಾರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಕಷ್ಟ ಪತ್ರಿಕೆಯಲ್ಲಿ ಬರುವುದು ಅವರಿಗೆ ಇಷ್ಟವಿರಲಿಲ್ಲ; ನೇಕಾರರ ವಿಷಯ ಬರೆಯಿರಿ ಎಂದರು.

ಹಳೆಯ ಕಾಲದ ಅಂಗಡಿ. ಬಿಳಿಯ ಗಾದಿ, ಅದರ ಮೇಲೆ ಒರಗುದಿಂಬು, ಗೋಡೆಯುದ್ದಕ್ಕೂ ಕಟ್ಟಿಗೆಯ ಗೂಡುಗಳು, ಗೂಡುಗಳಲ್ಲಿ ಬಣ್ಣಬಣ್ಣದ ಖಣಗಳ ಕಟ್ಟು. ಎಪ್ಪತ್ತು ದಾಟಿದ ಯಜಮಾನರು ಗಾದಿಯ ಮೇಲೆ. ಒಳಬಾಗಿಲಲ್ಲಿ ಅವರ ಪತ್ನಿ ನೂಲಿನ ಲಡಿಗಳನ್ನು ತೂಗಿ ಇಡುತ್ತಿದ್ದರು. 'ಬರ್ರಿ, ಬರ್ರಿ, ಕೂಡ್ರಿ. ಯಾವೂರಿಂದ ಬಂದೀರಿ?' ಎಂದರು. ಪುಣೆ ಎಂದೆವು. 'ಪುಣೆ ಅಂದ್ರ ನಮ್ಮ ಅನ್ನದ ಊರು ಇತ್ರಿ. ನಮ್ಮಪ್ಪನ ಕಾಲದಾಗ ಇಲ್ಲಿಂದ ಗಂಟಿನ ಮ್ಯಾಲ ಗಂಟು ಪುಣೆಗೆ ಹೋಗ್ತಿದ್ವು' ಎಂದು ನಕ್ಕರು. ನಗೆಯಲ್ಲಿ ಹೆಮ್ಮೆಯೂ ಇತ್ತು, ನೋವೂ ಇತ್ತು.

ಒಂದೊಂದೇ ಖಣವನ್ನು ಬಿಚ್ಚಿ ಹರವಿದರು. ಕುಂಕುಮದ ಕೆಂಪು, ಗಿಳಿಯ ಹಸಿರು, ನವಿಲಿನ ಕೊರಳ ನೀಲಿ. ಒಂದರಲ್ಲಿ ತೇರು, ಒಂದರಲ್ಲಿ ಆನೆಹೆಜ್ಜೆ, ಇನ್ನೊಂದರಲ್ಲಿ ಸೂರ್ಯನಾರಾಯಣ, ಮತ್ತೊಂದರಲ್ಲಿ ತುಳಸಿ ಪಾನ. ಬೊಟ್ಟಿನ ತುದಿಯಷ್ಟು ಚಿತ್ರದಲ್ಲಿ ಒಂದು ಜಾತ್ರೆಯನ್ನೇ ಅಡಕ ಮಾಡಿದ ಕೌಶಲ. ನಮ್ಮೊಡನಿದ್ದ ಮೈಸೂರು ಕಡೆಯ ತಾಯಿಯೊಬ್ಬರು ಬೆಲೆ ಕೇಳಿ, ಪೇಟೆಯಲ್ಲಿ ಇದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದಲ್ಲ ಎಂದರು. ಯಜಮಾನರು ಬೇಸರಪಡಲಿಲ್ಲ. 'ಸಿಗತೈತ್ರಿ ಅಕ್ಕಾರ. ಅದಕ್ಕ ಕೈ ಬೇಕಾಗಿಲ್ಲ, ಇದಕ್ಕ ಕೈ ಬೇಕು. ನಡೀರಿ, ಆ ಕೈ ತೋರಸ್ತೀನಿ' ಎಂದು ಎದ್ದು ಹಿಂದಿನ ಓಣಿಗೆ ಕರೆದೊಯ್ದರು.

ನಾವು ಕಂಡದ್ದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಕಾರ ಕುಳಿತಿದ್ದ. ಪಕ್ಕದಲ್ಲಿ ಅವನ ಹೆಂಡತಿ ರಾಟಿಯ ಮೇಲೆ ಕಂಡಿಕೆ ಸುತ್ತುತ್ತಿದ್ದಳು. ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ ಎಂಬುದು ಎಲ್ಲರಿಗೂ ಗೊತ್ತು. ಖಣದ ವಿಶೇಷವೆಂದರೆ ಅದರ ಚಿತ್ರ ಮೂಡುವುದು ಹಾಸಿನಲ್ಲಿ. ಮೂಲ ಹಾಸಿನ ಎಳೆಗಳ ಜೊತೆಗೆ ಚಿತ್ರಕ್ಕಾಗಿಯೇ ಬೇರೆ ಎಳೆಗಳನ್ನು ಜೋಡಿಸಿರುತ್ತಾರೆ. ಮಗ್ಗದ ಮೇಲಿರುವ ಡಾಬಿ ಎಂಬ ಸಾಧನ, ಕಾಲಿನಿಂದ ತುಳಿದಂತೆಲ್ಲ, ಯಾವ ಎಳೆ ಯಾವಾಗ ಮೇಲೇಳಬೇಕೋ ಅದನ್ನು ಎತ್ತಿಕೊಡುತ್ತದೆ. ಆದ್ದರಿಂದಲೇ ಖಣದ ಚಿತ್ರಗಳು ಬಟ್ಟೆಯ ಉದ್ದಕ್ಕೂ ಸಾಲುಸಾಲಾಗಿ ಓಡುತ್ತವೆ. ಒಮ್ಮೆ ಜೋಡಿಸಿದ ಚಿತ್ರ ಆ ಹಾಸು ಮುಗಿಯುವವರೆಗೂ ಅದೇ.

ಹಾಸು ಮುಗಿದ ಮೇಲೇನು? ಇಲ್ಲಿಯೇ ಇದೆ ನೋಡಿ, ಈ ಕಸುಬಿನ ಜೀವ. ನೇಕಾರ ಮುಗಿದ ಹಾಸಿನ ಎಳೆಗಳನ್ನು ಪೂರ್ತಿ ಕಳಚುವುದಿಲ್ಲ. ಹಣಿಗೆಯಲ್ಲಿ ಒಂದು ಗೇಣಿನಷ್ಟು ಹಳೆಯ ಎಳೆಗಳನ್ನು ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಗಂಟು ಹಾಕಿ ಎಳೆದುಕೊಳ್ಳುತ್ತಾನೆ. ಹೀಗೆ ಒಂದು ಹಾಸು ಮುಂದಿನ ಹಾಸಿಗೆ ತನ್ನ ಜೋಡಣೆಯನ್ನು ಒಪ್ಪಿಸಿ ಹೋಗುತ್ತದೆ. ಆ ಗೇಣಿನ ಎಳೆ ಕಡಿದುಹೋದರೆ ಮತ್ತೆ ಮೊದಲಿನಿಂದ ನೂರಾರು ಎಳೆಗಳನ್ನು ಲೆಕ್ಕ ಹಿಡಿದು ಪೋಣಿಸಬೇಕು. ಅದನ್ನು ಬಲ್ಲವರು ಬೇಕು, ದಿನಗಟ್ಟಲೆ ಕೂಲಿಯಿಲ್ಲದೆ ಕೂರುವ ತಾಳ್ಮೆ ಬೇಕು. ಆ ಓಣಿಯಲ್ಲಿಯೇ ಇನ್ನೊಂದು ಮನೆಯಲ್ಲಿ ನಿಂತ ಮಗ್ಗವೊಂದನ್ನು ತೋರಿಸಿದರು. ಮೇಲೆ ಧೂಳು, ಹಣಿಗೆಯಲ್ಲಿ ಹಸಿರು-ಕೆಂಪು ಎಳೆಗಳು ಹಾಗೆಯೇ ತೂಗುತ್ತಿದ್ದವು. 'ಇದನ್ನ ಕಡಿಬ್ಯಾಡ ಅಂತ ಹೇಳೀನ್ರಿ. ಎಳಿ ಇರೋತನಕ ಮಗ್ಗ ಜೀವಂತ ಐತಿ' ಎಂದರು ಯಜಮಾನರು.

ಅಂಗಡಿಯೆಂದರೆ ಬರೀ ಮಾರುವ ಜಾಗವೆಂದು ತಿಳಿದ ನಮ್ಮಂಥ ಪಟ್ಟಣಿಗರಿಗೆ ಅದರ ನಿಜವಾದ ಕೆಲಸ ಅಲ್ಲಿ ತಿಳಿಯಿತು. ನೇಕಾರನ ಕೈಯಲ್ಲಿ ರೇಷ್ಮೆ ಕೊಳ್ಳುವಷ್ಟು ಬಂಡವಾಳವಿಲ್ಲ. ಅಂಗಡಿಕಾರ ನೂಲು ತರಿಸಿ, ಬಣ್ಣ ಕಟ್ಟಿಸಿ, ಹಾಸು ಮಾಡಿಸಿ ಮಗ್ಗಕ್ಕೆ ಕೊಡುತ್ತಾನೆ. ವಾರಕ್ಕೊಮ್ಮೆ ನೇಯ್ದದ್ದನ್ನು ಅಳೆದುಕೊಂಡು ಕೂಲಿ ಕೊಡುತ್ತಾನೆ. ಮಗಳ ಮದುವೆಗೆ, ಮುದುಕರ ಔಷಧಕ್ಕೆ ಮುಂಗಡವನ್ನೂ ಕೊಡುತ್ತಾನೆ. ಮಾರಿದರೆ ಅವನಿಗೆ ಹಣ. ಮಾರದಿದ್ದರೆ ಗೂಡಿನಲ್ಲಿ ಸರಕು, ತಲೆಯ ಮೇಲೆ ಸಾಲ. ಈ ಅಂಗಡಿಗೆ ಒಂದು ಕಾಲಕ್ಕೆ ಮೂರು ಓಣಿಗಳ ಮಗ್ಗಗಳು ನೇಯುತ್ತಿದ್ದವಂತೆ. ಈಗ ಉಳಿದಿರುವುದು ಆರು ಮಗ್ಗ. ಅಂಗಡಿಯ ಬಾಗಿಲು ಮುಚ್ಚಿದರೆ ಅದರೊಡನೆ ಆರು ಮನೆಗಳ ವಾರದ ಕೂಲಿಯೂ ನಿಲ್ಲುತ್ತದೆ.

ಹೀಗಾಗಲು ಕಾರಣ ಒಂದಲ್ಲ. ಹಿಂದೆ ಆ ಸೀಮೆಯ ಹೆಂಗಸರು ದಿನವೂ ಉಡುತ್ತಿದ್ದುದು ಇಳಕಲ್ ಸೀರೆ, ತೊಡುತ್ತಿದ್ದುದು ಖಣದ ಕುಬಸ. ಇಂದು ಉಡುಪೇ ಬದಲಾಗಿದೆ. ದಿನದ ಬಟ್ಟೆ ಹಬ್ಬದ ಬಟ್ಟೆಯಾಯಿತು, ಹಬ್ಬದ್ದು ಉಡಿಯ ಶಾಸ್ತ್ರಕ್ಕಷ್ಟೇ ಉಳಿಯಿತು. ಶಾಸ್ತ್ರಕ್ಕೆ ತಾನೆ ಎಂದು ಅಗ್ಗದ್ದನ್ನು ಕೊಳ್ಳುವುದು ಮೊದಲಾಯಿತು. ಈ ಗಾಯದ ಮೇಲೆ ಬರೆಯೆಳೆದಂತೆ 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆಗಳು ಉಕ್ಕಿದಾಗ ಬಾಗಲಕೋಟೆ ಜಿಲ್ಲೆಯ ನದಿದಂಡೆಯ ಎಷ್ಟೋ ನೇಕಾರರ ಮಗ್ಗದ ಕುಣಿಗಳಲ್ಲಿ ನೀರು ನಿಂತಿತು. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ 2020ರ ಲಗ್ನದ ಸುಗ್ಗಿಯನ್ನು ಕೊರೊನಾದ ಬೀಗ ನುಂಗಿತು. ಲಗ್ನವಿಲ್ಲದ ವರ್ಷ ಖಣದ ಅಂಗಡಿಗೆ ಮಳೆಯಿಲ್ಲದ ವರ್ಷವಿದ್ದಂತೆ.

ಕೂಲಿಯ ಮಾತಂತೂ ಇಡೀ ದೇಶದ್ದು. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಕೈಮಗ್ಗದ ಕೆಲಸಗಾರರು 35 ಲಕ್ಷಕ್ಕೂ ಮಿಕ್ಕಿದ್ದಾರೆ. ಅವರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರ ತಿಂಗಳ ಆದಾಯ 5,000 ರೂಪಾಯಿಗಳನ್ನು ದಾಟುವುದಿಲ್ಲ. ಹೀಗಿರುವಾಗ ನೇಕಾರನ ಮಗ ಮಗ್ಗದ ಕುಣಿಗೆ ಇಳಿಯದೆ ಬೆಂಗಳೂರಿನ, ಗೋವೆಯ ಬಸ್ಸು ಹತ್ತಿದರೆ ಅವನನ್ನು ದೂರುವವರಾರು? ಯಜಮಾನರ ಮಗನೂ ಬೆಂಗಳೂರಿನಲ್ಲಿದ್ದಾನೆ. 'ಅಂವಾ ಬಂದು ಗಾದಿ ಮ್ಯಾಲ ಕೂಡ್ಲಿ ಅಂತ ನಾ ಅನ್ನಂಗಿಲ್ರಿ. ಅಂಗಡಿ ನಡದ್ರ ತಾನ ಬರ್ತಾನ' ಎಂದರು ತಾಯಿ, ಚಹಾದ ಬಟ್ಟಲು ಕೊಡುತ್ತ.

ನಮ್ಮಲ್ಲೊಬ್ಬರು, ಸಂಘದಿಂದ ಒಂದಿಷ್ಟು ನಿಧಿ ಕೂಡಿಸಿ ಕಳಿಸಲೇ ಎಂದು ಕೇಳಿದರು. ಯಜಮಾನರು ಎರಡೂ ಕೈ ಮುಗಿದರು. 'ನಿಮ್ಮ ಮನಸ್ಸು ದೊಡ್ಡದ್ರಿ. ಆದ್ರ ರೊಕ್ಕ ಬ್ಯಾಡ. ರೊಕ್ಕ ಇವತ್ತ ಬರ್ತೈತಿ, ನಾಳೆ ಮುಗೀತೈತಿ. ಗಿರಾಕಿ ಕಳಸ್ರಿ. ವರ್ಷಾ ಇಷ್ಟು ಖಣ ಬೇಕು ಅಂತ ಬರದು ಕೊಡ್ರಿ, ಮಗ್ಗಕ್ಕ ನೂಲು ಹಾಕ್ತೀನಿ. ದೀಪಾವಳಿ ಪಾಡ್ಯಾಕ್ಕ ಹೊಸಾ ಖಾತೆ ಬರೀಬೇಕೋ, ಇಲ್ಲಾ ಹಳೇದನ್ನ ಮುಚ್ಚಿ ಇಡಬೇಕೋ, ಅದ ವಿಚಾರ ನಡದೈತ್ರಿ ಈಗ.'

ಆ ಮಾತನ್ನು ನಾವು ಕೇಳಿ ಸುಮ್ಮನೆ ಬರುವಂತಿರಲಿಲ್ಲ. ಊರಿಗೆ ಮರಳಿದ ಮೇಲೆ ಸಂಘದ ಮಹಿಳಾ ಮಂಡಲದವರೊಡನೆ ಕುಳಿತು ಒಂದು ಲೆಕ್ಕ ಹಾಕಿದೆವು. ನವರಾತ್ರಿಯ ಅರಿಷಿಣ-ಕುಂಕುಮ, ಸಂಕ್ರಾಂತಿಯ ಎಳ್ಳು-ಬೆಲ್ಲ, ಮದುವೆ, ಉಪನಯನ, ಕುಬಸ, ಗೃಹಪ್ರವೇಶ - ಇವೆಲ್ಲ ಸೇರಿದರೆ ಪ್ರತಿಯೊಂದು ಮನೆಯಿಂದ ವರ್ಷಕ್ಕೆ ಹತ್ತಾರು ಖಣಗಳು ಕೊಡುವುದು ನಡೆದೇ ಇದೆ. ಕೊಟ್ಟ ಖಣವನ್ನು ಪಡೆದವರು ಹೊಲಿಸದೆ ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ಮತ್ತೊಬ್ಬರಿಗೆ. ಹೀಗೆ ಒಂದೇ ಅಗ್ಗದ ಖಣ ಊರೆಲ್ಲ ಸುತ್ತಿ ನಮ್ಮ ಮನೆಗೇ ಮರಳಿ ಬಂದ ವಿನೋದವೂ ಎಲ್ಲರಿಗೂ ಗೊತ್ತಿದೆ. ಹತ್ತು ಖಣ ಕೊಡುವ ಬದಲು ಮೂರೇ ಕೊಡೋಣ. ಆದರೆ ಆ ಮೂರು ಕೈಮಗ್ಗದ್ದಾಗಿರಲಿ, ಹೊಲಿಸಿ ತೊಡುವಂಥದಾಗಿರಲಿ. ಮನೆಯ ಖರ್ಚು ಅಷ್ಟೇ ಇರುತ್ತದೆ; ಉಡಿಗೆ ಬಿದ್ದದ್ದು ಮೈಮೇಲೆ ಬರುತ್ತದೆ.

ಬಾಳಿಕೆ ಹೇಗೋ, ಬಣ್ಣ ಬಿಟ್ಟೀತೋ ಎಂಬ ಸಂಶಯವುಳ್ಳವರಿಗೆ ಒಂದು ಮಾತು. ಕೈಮಗ್ಗದ ಖಣವನ್ನು ಮೊದಲ ಸಲ ಬೇರೆಯಾಗಿ ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು. ರೇಷ್ಮೆಯ ಖಣಕ್ಕೆ ಬಿಸಿಲು, ಬಿರುಸು ಸಾಬೂನು ಆಗದು. ನಿಜವಾದದ್ದನ್ನು ಗುರುತಿಸುವುದೂ ಕಷ್ಟವಲ್ಲ. ಅಂಚಿನಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನೂಲು ಹತ್ತಿಯದೇ ಆದರೂ ಮಗ್ಗ ಯಂತ್ರದ್ದಿರಬಹುದು. ಅದಕ್ಕಾಗಿ 2006ರಲ್ಲಿ ಜಾರಿಗೆ ಬಂದ ಕೈಮಗ್ಗದ ಗುರುತಿನ ಚೀಟಿಯನ್ನು ಕೇಳಿ ನೋಡುವುದು ಒಳ್ಳೆಯದು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ 'ಪ್ರಿಯದರ್ಶಿನಿ' ಮಳಿಗೆಗಳು ಹತ್ತಿರವಿರುವವರು ಅಲ್ಲಿಯೂ ಕೈಮಗ್ಗದ ಬಟ್ಟೆಯನ್ನೇ ಕೇಳಿ ಕೊಳ್ಳಬಹುದು.

ಇನ್ನು ನಮ್ಮ ಕನ್ನಡ ಬಂಧುಗಳಲ್ಲಿ ವಿನಂತಿ. ಸಂಘದ ಕಚೇರಿಯಲ್ಲಿ ಒಂದು ಪಟ್ಟಿಯ ಪುಸ್ತಕ ಇಟ್ಟಿದ್ದೇವೆ. ನವರಾತ್ರಿಗೆ, ದೀಪಾವಳಿಗೆ ನಿಮಗೆ ಬೇಕಾದ ಖಣಗಳೆಷ್ಟು, ಯಾವ ಬಣ್ಣ ಎಂದು ಶ್ರಾವಣ ಮುಗಿಯುವುದರೊಳಗೆ ಅದರಲ್ಲಿ ಬರೆಯಿಸಿ. ಕೈಮಗ್ಗ ಅವಸರದ ಗಿರಾಕಿಗೆ ಒಗ್ಗುವುದಿಲ್ಲ. ಹಾಸು ಹೂಡಿ ನೇಯಲು ಸಮಯ ಬೇಕು. ಅರ್ಧ ಹಣವನ್ನು ಮುಂಗಡವಾಗಿ ಕೊಡಿ. ಆ ಹಣದಿಂದಲೇ ನೂಲು ಬರುತ್ತದೆ. ಚೌಕಾಶಿ ಮಾಡುವ ಸಂತೋಷವನ್ನು ಬೇರೆ ಅಂಗಡಿಗಳಿಗಾಗಿ ಕಾದಿಡಿ. ರಾಜ್ಯೋತ್ಸವದ ಸಮಾರಂಭದಲ್ಲಿ ಅತಿಥಿಗಳಿಗೆ ಹೊದಿಸುವ ಶಾಲಿನ ಬದಲು ಗುಳೇದಗುಡ್ಡದ ಖಣವನ್ನು ಕೊಡಬೇಕೆಂದು ಸಂಘ ಆಗಲೇ ಗೊತ್ತುಮಾಡಿದೆ. ಮುಂಬಯಿ, ಸೊಲ್ಲಾಪುರ, ಹೈದರಾಬಾದು, ಚೆನ್ನೈ, ದಿಲ್ಲಿಯ ಸೋದರ ಸಂಘಗಳೂ ತಮ್ಮ ತಮ್ಮಲ್ಲಿ ಹೀಗೆಯೇ ಒಂದು ಪಟ್ಟಿ ತೆರೆದರೆ ಆರು ಮಗ್ಗಗಳು ಹನ್ನೆರಡಾಗುವುದು ದೂರದ ಮಾತಲ್ಲ.

ಮಕ್ಕಳನ್ನು ಕರೆದುಕೊಂಡು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ನಮ್ಮವರು ಹೋಗುತ್ತಲೇ ಇರುತ್ತಾರೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಗುಡಿಗಳನ್ನು ನೋಡಿ ಪೂರ್ವಜರ ಕೈಚಳಕವನ್ನು ಕೊಂಡಾಡುತ್ತೇವೆ. ಆ ಕೈಗಳು ಕಲ್ಲಿನ ಮೇಲೆ ಮಾಡಿದ್ದು ಉಳಿದಿದೆ, ಅದನ್ನು ಕಾಯಲು ಕಾವಲುಗಾರರಿದ್ದಾರೆ. ಅದೇ ಸೀಮೆಯ ಕೈಗಳು ಇಂದಿಗೂ ನೂಲಿನ ಮೇಲೆ ಮಾಡುತ್ತಿರುವುದನ್ನು ನೋಡಲು ಅರ್ಧ ದಿನ ತೆಗೆದಿಡಿ. ಗುಳೇದಗುಡ್ಡದ ಬಸ್ಸು ಹತ್ತಿ. ಮಗ್ಗದ ಸದ್ದು ಬರುವ ಮನೆಯ ಬಾಗಿಲಲ್ಲಿ ನಿಂತರೆ 'ಬರ್ರಿ' ಎನ್ನದ ಮನೆ ಅಲ್ಲಿಲ್ಲ.

ಪಟ್ಟಿಯ ಪುಸ್ತಕದ ಮೊದಲ ಪುಟ ಆಗಲೇ ತುಂಬಿದೆ. ಎರಡನೆಯ ಪುಟದಲ್ಲಿ ನಿಮ್ಮ ಹೆಸರಿರಲಿ. ದೀಪಾವಳಿಯ ಪಾಡ್ಯದ ದಿನ ಗುಳೇದಗುಡ್ಡದ ಆ ಹಿರಿಯರು ಹೊಸ ಖಾತೆಗೆ ಅರಿಷಿಣ-ಕುಂಕುಮ ಹಚ್ಚಿ ಶ್ರೀಕಾರ ಬರೆಯುವಂತಾಗಲಿ.